ಮದ್ದುಮನೆಯ ಬೀಗ

ನದಿ ತಿರುಗುವ ಕಡೆ ಒಂದು ಆಶ್ರಮವಿತ್ತು. ಬೆಳಗಾದರೆ ನೀರಿನ ಮೇಲಿನ ಮಂಜು ಮೆಲ್ಲಗೆ ಮೆಟ್ಟಿಲೇರಿ ಬಂದು ಅಂಗಳದಲ್ಲಿ ಕೂರುತ್ತಿತ್ತು. ಮಂಜಿನೊಳಗಿಂದ ಒನಕೆಯ ಸದ್ದು ಮಾತ್ರ ಕೇಳುತ್ತಿತ್ತು, ಯಾರೋ ನಿದ್ದೆಯಲ್ಲಿ ನಿಧಾನವಾಗಿ ಉಸಿರಾಡುತ್ತಿರುವ ಹಾಗೆ.

ಅದು ಮದ್ದುಮನೆಯ ಸದ್ದು. ತೆಂಗಿನ ಗರಿ ಹೆಣೆದು ಗೋಡೆ ಮಾಡಿದ ಆ ಮನೆಯಲ್ಲಿ ನೀಲಕ್ಕ ಬೇರು ಕುಟ್ಟುತ್ತಿದ್ದಳು, ಕಷಾಯ ಕಾಯಿಸುತ್ತಿದ್ದಳು. ಅಲ್ಲಿದ್ದ ಬೇರುಗಳಲ್ಲಿ ಒಂದು ಬರೀ ವಿಷ. ಹಾಲಿನಲ್ಲಿ ಬೇಯಿಸಿ ವಿಷ ಇಳಿಸಿದ ಮೇಲಷ್ಟೇ ಅದು ಮದ್ದು.

ಒಂದು ದಿನ ದೋಣಿಯಿಂದ ಇಳಿದ ಯಾತ್ರಿಕನೊಬ್ಬ ಮಂಜಿನಲ್ಲಿ ದಾರಿ ತಪ್ಪಿ ಒಳಗೆ ಹೊಕ್ಕ. ಹಸಿದಿದ್ದ. ಗೆಣಸೆಂದುಕೊಂಡು ಆ ಬೇರನ್ನು ಕಚ್ಚಿದ. ಗುರುಗಳು ವಾಂತಿ ಮಾಡಿಸಿ, ಕತ್ತಲಾಗುವವರೆಗೆ ಪಕ್ಕದಲ್ಲೇ ಕೂತು, ಅವನನ್ನು ಉಳಿಸಿಕೊಂಡರು.

ಮರುದಿನ ಶಿಷ್ಯ ಮಲ್ಲಾರಿಯನ್ನು ಕರೆದರು.

"ಇನ್ನು ಮದ್ದುಮನೆಯ ಕಾವಲು ನಿನ್ನದು."

ಮಲ್ಲಾರಿಯ ಎದೆ ಉಬ್ಬಿತು. ಗುರುಗಳು ಯಾರಿಗೂ ಸುಮ್ಮನೆ ಕೆಲಸ ಒಪ್ಪಿಸುವವರಲ್ಲ. ಅವನು ಹಲಸಿನ ಹಲಗೆಯ ಬಾಗಿಲು ಕೂರಿಸಿದ. ಹೊರಗಿನಿಂದ ಮೂರು ಬೀಗ ಜಡಿದ. ಗರಿಯ ಗೋಡೆಯ ಸುತ್ತ ಮುಳ್ಳಿನ ಬೇಲಿ ಒತ್ತಿ ಕಟ್ಟಿದ. ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುರುಗಳನ್ನು ಕರೆತಂದ.

ಗುರುಗಳು ಸುತ್ತಲೂ ನಡೆದು ನೋಡಿದರು.

"ಒಳಗೆ ಏನಿದೆ, ಮಲ್ಲಾರಿ?"

"ವಿಷದ ಬೇರು ಇದೆ, ಗುರುಗಳೇ. ಎಣ್ಣೆಯ ಕೊಡ, ತಾಮ್ರದ ಹಂಡೆ."

"ಇನ್ನೇನು?"

"ಇನ್ನೇನೂ ಇಲ್ಲ."

ಒಳಗೆ ಒನಕೆ ನಿಂತಿತು.

"ನಾನೇನು ಒರಳುಕಲ್ಲೇನೋ?" ಎಂದಳು ನೀಲಕ್ಕ ಒಳಗಿನಿಂದ.

ಮಲ್ಲಾರಿಗೆ ನಗು ಬಂತು. "ಬೇರು ಬೇಯುವಾಗ ಯಾರೂ ನುಗ್ಗಬಾರದಲ್ಲ, ನೀಲಕ್ಕ. ನಿನ್ನ ಒಳ್ಳೆಯದಕ್ಕೇ ಬೀಗ."

"ನನ್ನ ಒಳ್ಳೆಯದು ನಿನ್ನ ಸೊಂಟದಲ್ಲಿ ನೇತಾಡ್ತಿದೆ ಅನ್ನು."

ಗುರುಗಳು ಮೂರು ಬೀಗಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ ಹೊರಟುಹೋದರು. ಒಪ್ಪಿಗೆಯಾಗಿದೆ ಎಂದುಕೊಂಡ ಮಲ್ಲಾರಿ.

ಹೀಗೇ ದಿನಗಳು ಹೋದವು. ಬೆಳಿಗ್ಗೆ ನೀಲಕ್ಕ ಒಳಗೆ ಹೋಗುವಳು, ಮಲ್ಲಾರಿ ಬೀಗ ಹಾಕಿ ಸ್ನಾನಕ್ಕೆ ಇಳಿಯುವನು. ನೀರಿನಲ್ಲಿ ಕಣ್ಣು ಮುಚ್ಚಿ ನಿಂತರೆ ದಂಡೆ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಒನಕೆಯ ಸದ್ದು ನೀರಿನ ಮೇಲೆ ತೇಲಿ ಬಂದು ಅವನ ಕಿವಿ ಮುಟ್ಟುತ್ತಿತ್ತು. ಎಲ್ಲ ಭದ್ರವಾಗಿದೆ, ಎಲ್ಲ ಭದ್ರವಾಗಿದೆ ಎನ್ನುವ ಹಾಗೆ.

ಒಂದು ಬೆಳಿಗ್ಗೆ ಅವನು ಒದ್ದೆ ಬಟ್ಟೆಯಲ್ಲಿ ಮೆಟ್ಟಿಲೇರಿ ಬಂದ. ಅಂಗಳದ ಮಂಜು ಕರಗಿ ಬಿಸಿಲು ಬಿದ್ದಿತ್ತು. ಮದ್ದುಮನೆಯ ಸುತ್ತ ಮಾತ್ರ ಮಂಜು ಇನ್ನೂ ಉಳಿದಿತ್ತು. ಬೆಳ್ಳಗೆ, ಮೃದುವಾಗಿ, ಮಾಡಿನಿಂದ ಎಳೆಎಳೆಯಾಗಿ ಮೇಲೇಳುತ್ತಿತ್ತು.

ಎಷ್ಟು ಚೆಂದ, ಎಂದುಕೊಂಡು ನಿಂತ ಮಲ್ಲಾರಿ. ಒನಕೆಯೂ ಕೇಳುತ್ತಿತ್ತು. ಇವತ್ತೇಕೋ ಜೋರಾಗಿ, ಬೇಗ ಬೇಗ.

ಆಮೇಲೆ ಆ ಮಂಜು ಅವನ ಮುಖಕ್ಕೆ ತಾಗಿತು. ಬೆಚ್ಚಗಿತ್ತು.

ನೀಲಕ್ಕ ಬೇರು ಕುಟ್ಟುತ್ತಿರಲಿಲ್ಲ. ಬಾಗಿಲು ಕುಟ್ಟುತ್ತಿದ್ದಳು.

ಮಲ್ಲಾರಿ ಓಡಿದ. ಮೊದಲ ಬೀಗ ತೆರೆಯಿತು. ಎರಡನೆಯದಕ್ಕೆ ಯಾವ ಬೀಗದ ಕೈ ಹಾಕಿದರೂ ತಿರುಗಲಿಲ್ಲ. ಬೆರಳು ಒದ್ದೆ, ಗೊಂಚಲು ಜಾರಿ ಕೆಳಗೆ ಬಿತ್ತು. ಒಳಗೆ ಕೆಮ್ಮು ಕೇಳಿಸಿತು. ಆಮೇಲೆ ಒನಕೆಯ ಸದ್ದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

"ನೀಲಕ್ಕ! ನೀಲಕ್ಕ!"



ಹಿಂದುಗಡೆ ಏನೋ ಹರಿದ ಸದ್ದಾಯಿತು. ಮಲ್ಲಾರಿ ಸುತ್ತಿ ಓಡಿದ. ಗುರುಗಳು ಬರಿಗೈಯಲ್ಲಿ ಮುಳ್ಳಿನ ಬೇಲಿಯನ್ನು ಕಿತ್ತೆಸೆದು, ಕುಡುಗೋಲಿನಿಂದ ಗರಿಯ ಗೋಡೆ ಸೀಳುತ್ತಿದ್ದರು. ಮಲ್ಲಾರಿ ಆ ಸಂದಿಯಲ್ಲಿ ನುಗ್ಗಿ, ಹೊಗೆಯಲ್ಲಿ ತಡಕಾಡಿ, ನೀಲಕ್ಕನನ್ನು ಎಳೆದು ತಂದ.

ಒಲೆಯ ಕೊಳ್ಳಿ ಜಾರಿ ಗೋಣಿಚೀಲಗಳಿಗೆ ತಗುಲಿತ್ತು. ಆಶ್ರಮದವರೆಲ್ಲ ನದಿಯಿಂದ ನೀರು ಹೊತ್ತು ತಂದು ಬೆಂಕಿ ಆರಿಸಿದರು.

ನೀಲಕ್ಕ ಮಾವಿನ ನೆರಳಲ್ಲಿ ಬಹಳ ಹೊತ್ತು ಕೆಮ್ಮಿದಳು. ಕೈಯಲ್ಲಿ ಒನಕೆ ಇನ್ನೂ ಇತ್ತು. ಕಣ್ಣೊರೆಸಿಕೊಂಡು ಮಲ್ಲಾರಿಯನ್ನು ನೋಡಿದಳು.

"ಕಳ್ಳನಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲು ತೆಗೆದಿರ್ತಿದ್ದ ಕಣೋ."

ಮಲ್ಲಾರಿ ಗುರುಗಳ ಮುಂದೆ ಕೂತು, ಅವರ ಅಂಗೈಯಿಂದ ಮುಳ್ಳು ತೆಗೆಯತೊಡಗಿದ. ಒಂದೊಂದೂ ಅವನೇ ಆರಿಸಿ ತಂದು ಕಟ್ಟಿದ ಮುಳ್ಳು.

"ಗುರುಗಳೇ, ಬೀಗಗಳನ್ನು ನದಿಗೆ ಎಸೆದುಬಿಡಲೇ?"

"ನಾಳೆ ಇನ್ನೊಬ್ಬ ಹಸಿದವನು ದೋಣಿ ಇಳಿಯುತ್ತಾನೆ. ಬೇರು ಅಲ್ಲೇ ಇರುತ್ತದೆ."

"ಹಾಗಾದರೆ ಬೀಗ ಬೇಕು."

"ಬೇಕು."

"ಹಾಕಿದರೆ ಹೀಗಾಗುತ್ತದೆ. ಎಲ್ಲಿ ಹಾಕಲಿ, ಗುರುಗಳೇ?"

ಗುರುಗಳು ರಕ್ತ ಒಸರುವ ಕೈಯಿಂದ ಮದ್ದುಮನೆಯ ಕಡೆ ತೋರಿಸಿದರು. ಸೀಳಿದ ಗೋಡೆಯೊಳಗಿಂದ ಕೊನೆಯ ಹೊಗೆ ಹೊರಟು, ನದಿಯ ಕಡೆಗೆ ಮೆಲ್ಲಗೆ ಇಳಿಯುತ್ತಿತ್ತು.

"ನೀಲಕ್ಕನ ಒನಕೆ ಇಸಿದುಕೊಂಡು ಒಳಗೆ ಹೋಗಿ ಕೂರು. ಅಲ್ಲಿಂದ ನೋಡಿ ನೀನೇ ಹೇಳು."