ಅಲುಗಾಡದ ಮನೆಮಂದಿ

"ಗುರುಗಳೇ, ಹಿಂದಿನವರ ಮನೆಗಳಲ್ಲಿದ್ದ ಒಗ್ಗಟ್ಟು ಈಗ ಯಾಕಿಲ್ಲ?" ಎಂದು ಸಂಸಾರಸ್ಥನಾದ ಶಿಷ್ಯನೊಬ್ಬ ಕೇಳಿದ. ಗುರು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಪಡಸಾಲೆಯ ಗೋಡೆಯ ಮೇಲೆ ಅಜ್ಜನ ಕಾಲದ ಒಂದು ಫೋಟೋ ಇತ್ತು. ಅದರಲ್ಲಿ ಹದಿನೆಂಟು ಮಂದಿ. ಒಬ್ಬರೂ ಕತ್ತು ಕೊಂಕಿಸಿಲ್ಲ, ಒಬ್ಬರೂ ತುಟಿ ಬಿಚ್ಚಿಲ್ಲ. 'ಸಂಸಾರವೆಂದರೆ ಅದು' ಎಂದು ವ್ಯಾಪಾರಿ ದಿನವೂ ಅಂದುಕೊಳ್ಳುತ್ತಿದ್ದ. ತನ್ನ ಮನೆಯೋ, ಬರೀ ಸಂತೆ. ಮಕ್ಕಳು ಕಿತ್ತಾಡುತ್ತಿದ್ದವು. ತಮ್ಮನು ಊಟದ ನಡುವೆ ತಮಾಷೆ ಮಾಡುತ್ತಿದ್ದ. ಹೆಂಡತಿ ನಕ್ಕರೆ ಬೀದಿಗೆ ಕೇಳುತ್ತಿತ್ತು. ನಾಚಿಕೆಯಾಗಿ ಅವನು ಎಲ್ಲರ ಬಾಯಿ ಮುಚ್ಚಿಸುತ್ತ ಬಂದ. ಕೊನೆಗೊಂದು ದಿನ ಹೆಂಡತಿ, "ನಗೋದಕ್ಕೂ ನಿಮ್ಮ ಅಪ್ಪಣೆ ಬೇಕಾದರೆ ನಾನು ತವರಿಗೆ ಹೋಗ್ತೀನಿ" ಎಂದು ಬಟ್ಟೆಯ ಗಂಟು ಕಟ್ಟಿದಳು.

ಆದರೂ ವ್ಯಾಪಾರಿ ಹಟ ಬಿಡಲಿಲ್ಲ. ಅವಳು ಹೋಗುವ ಮೊದಲು ಎಲ್ಲರೂ ಮರ್ಯಾದಸ್ಥರ ಹಾಗೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಲೇಬೇಕೆಂದ. ಫೋಟೋದವನು ಬಂದು, ಹಳೆಯ ಫೋಟೋದ ಕೆಳಗೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಅಲುಗಾಡಬೇಡಿ, ಉಸಿರು ಬಿಗಿ ಹಿಡೀರಿ" ಎಂದು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ.

ಸಾಲಿನಲ್ಲಿ ನಿಂತಿದ್ದ ವ್ಯಾಪಾರಿಯ ಮುದಿ ಸೋದರತ್ತೆಗೆ ನಗು ತಡೆಯಲಾಗಲಿಲ್ಲ. ಹಳೆಯ ಫೋಟೋದ ಮುಂದಿನ ಸಾಲಿನಲ್ಲಿ ಕೂತ ಪುಟ್ಟ ಹುಡುಗಿ ಅವಳೇ.

"ಅವತ್ತು ಬಂದಿದ್ದ ಪುಣ್ಯಾತ್ಮನೂ ಹೀಗೇ ಹೇಳಿದ್ದ ಕಣೋ! ನಮ್ಮಪ್ಪ, ಚಿಕ್ಕಪ್ಪ ಮಾತು ಬಿಟ್ಟು ವರ್ಷವಾಗಿತ್ತು. ಅದಕ್ಕೇ ಆ ತುದಿಗೊಬ್ಬರು, ಈ ತುದಿಗೊಬ್ಬರು. ನಾನು ಅಳ್ತೀನಿ ಅಂತ ನಮ್ಮವ್ವ ಬಾಯಿಗೆ ಬೆಲ್ಲ ತುರುಕಿದ್ದಳು. ನೋಡು, ಕೆನ್ನೆ ಹೆಂಗೆ ಊದಿದೆ!"

ವ್ಯಾಪಾರಿ ತಿರುಗಿ ನೋಡಿದ. ಕೆನ್ನೆ ಊದಿತ್ತು. ಇಷ್ಟು ವರ್ಷ ಅವನು ಅದನ್ನು ಗಾಂಭೀರ್ಯವೆಂದು ತಿಳಿದಿದ್ದ. ಮೊದಲು ಅವನೇ ನಕ್ಕ. ಆಮೇಲೆ ಹೆಂಡತಿ ನಕ್ಕಳು, ಬೀದಿಗೆಲ್ಲ ಕೇಳುವ ಹಾಗೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಷ್ಟರಲ್ಲಿ ಫೋಟೋದವನು ತನ್ನ ಕೆಲಸ ಮುಗಿಸಿಬಿಟ್ಟಿದ್ದ. ಒಂದು ಮುಖವೂ ನೆಟ್ಟಗೆ ಬಂದಿರಲಿಲ್ಲ. ವ್ಯಾಪಾರಿ ಆ ಫೋಟೋಗೇ ಕಟ್ಟು ಹಾಕಿಸಿ ಗೋಡೆಗೆ ಹಾಕಿದ. ಹೆಂಡತಿ ಗಂಟು ಬಿಚ್ಚಿದಳು. ಮನೆಯಲ್ಲಿ ಗದ್ದಲ ಮತ್ತೆ ಶುರುವಾಯಿತು. ಆ ಗದ್ದಲದ ನಡುವೆ ಕೂತು ಉಣ್ಣುವುದು ಎಷ್ಟು ಸುಖವೆಂದು ಅವನಿಗೆ ಆಗ ತಿಳಿಯಿತು.

ಶಿಷ್ಯನ ಮುಖ ಅರಳಿತು. "ಮನೆಯೆಂದರೆ ಹಾಗಿರಬೇಕು ಗುರುಗಳೇ! ಆ ಫೋಟೋ ಈಗಲೂ ಇದೆಯೇ?"

"ಇದೆ. ಈಗ ವ್ಯಾಪಾರಿಯ ಮೊಮ್ಮಗ ಅದನ್ನು ತೋರಿಸಿ, 'ನೀವೂ ಹಾಗೆ ನಗಬಾರದೇ' ಎಂದು ಮನೆಯವರನ್ನೆಲ್ಲ ಗದರಿಸುತ್ತಾನೆ" ಎಂದರು ಗುರು.