ಜಡೇಸ್ವಾಮಿಯ ಮೂರು ಮೂತಿಗಳು

ಕಾಡಿನಂಚಿನ ಹಾಡಿಯೊಂದರಲ್ಲಿ ಇಪ್ಪತ್ತು ಮನೆಗಳಿದ್ದವು. ಹಾಡಿಗೂ ಕಾಡಿಗೂ ನಡುವೆ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡಬೇಕು. ಅಂದರೆ, ಹತ್ತು ಹೆಜ್ಜೆ ಅಗಲಕ್ಕೆ ಒಂದು ತರಗೆಲೆಯೂ ಇಲ್ಲದ ಹಾಗೆ ನೆಲ ಬರಿದು ಮಾಡುವುದು. ಕಾಡಿಗೆ ಬಿದ್ದ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಎಲೆ ಉಳಿದರೆ ದಾಟುತ್ತದೆ. ಇಷ್ಟೇ ಮಕ್ಕಳೇ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ನಮ್ಮ ಜಡೇಸ್ವಾಮಿ ಕೆಡಿಸಿಕೊಂಡ.

ಜಡೇಸ್ವಾಮಿ ಕಾಡಿನ ವಾಚರ್. ಎಲೆ ಊದುವ ಮಿಷನ್ ಅವನ ಸುಪರ್ದಿಯಲ್ಲಿತ್ತು. ಬೆನ್ನಿಗೆ ಹಾಕಿಕೊಂಡು, ಪೆಟ್ರೋಲ್ ತುಂಬಿ, ಹಗ್ಗ ಎಳೆದರೆ ಉದ್ದ ಕೊಳವೆಯಿಂದ ಗಾಳಿ ನುಗ್ಗುತ್ತದೆ. ಹಿಂದಿನ ವರ್ಷ ಎಲೆ ಹಾರಿಸಿದ್ದ ಮಿಷನ್ ಈ ವರ್ಷ ಬರೀ ಗುರ್ರೆನ್ನುತ್ತಿತ್ತು. ಎಲೆ ಒಮ್ಮೆ ಅಲುಗಾಡಿ ಮತ್ತೆ ಅಲ್ಲೇ ಮಲಗುತ್ತಿತ್ತು.

“ಮೂತಿ ಸರಿಯಿಲ್ಲ” ಅಂದ ಜಡೇಸ್ವಾಮಿ. ಪೇಟೆಗೆ ಹೋಗಿ ಕೊಳವೆಯ ತುದಿಗೆ ಸಿಕ್ಕಿಸುವ ಚಪ್ಪಟೆ ಮೂತಿ ತಂದ. ಗಾಳಿ ಚುರುಕಾಯಿತು, ಸುಳ್ಳು ಹೇಳಬಾರದು. ಆದರೆ ಒಂದು ಗೇಣು ಅಗಲಕ್ಕೆ ಮಾತ್ರ. ಮಧ್ಯಾಹ್ನದವರೆಗೆ ಹತ್ತು ಮಾರೂ ಸಾಗಲಿಲ್ಲ. ಮರುದಿನ ಮತ್ತೆ ಪೇಟೆ, ಈ ಸಲ ಅಗಲ ಮೂತಿ. ಗಾಳಿ ಅಗಲವಾಯಿತು, ಇದ್ದಷ್ಟು ಜೋರೂ ಹೋಯಿತು. ಮೂರನೆಯ ದಿನ ಬಾಗಿದ ಮೂತಿ! ಅಯ್ಯೋ, ಈ ಮನುಷ್ಯನಿಗೆ ಏನು ಹೇಳೋದು? ಇರುವುದು ಅಷ್ಟೇ ಗಾಳಿ. ಕಿರಿದು ಮಾಡಿದರೂ ಅಗಲ ಮಾಡಿದರೂ ಹೊಸ ಗಾಳಿ ಎಲ್ಲಿಂದ ಬರಬೇಕು?

ಹಾಡಿಯ ಮೊದಲ ಮನೆಯವಳು ಕೇತಮ್ಮ. ಇತರ ಹೆಂಗಸರ ಜೊತೆ ಸೊಪ್ಪಿನ ಪೊರಕೆ, ಅದೇ ಬರಲು, ಹಿಡಿದು ಅದೇ ರೇಖೆಯನ್ನು ಆ ತುದಿಯಿಂದ ಗುಡಿಸುತ್ತಿದ್ದಳು. ಈ ತುದಿ, ಅಂದರೆ ಅವಳ ಮನೆಯ ಕಡೆ, ಮಿಷನ್ನಿನ ಪಾಲು. ಜಡೇಸ್ವಾಮಿ ಮಿಷನ್ ಇಳಿಸಿ ನೀರು ಕುಡಿಯುವಾಗ, ಮನೆ ಕಡೆ ಬಂದ ಅವಳ ಕಣ್ಣಿಗೆ ಅದು ಬಿತ್ತು.

“ಅಣ್ಣಾ, ಹಿಂದ್ಗಡೆ ಜಾಲರಿಗೆ ಇದೇನು ಕೆಂಪು ಬಟ್ಟೆ?”

“ಆಯುಧಪೂಜೇಲಿ ಕಟ್ಟಿದ್ದು ಕೇತಕ್ಕ, ದೃಷ್ಟಿ ಆಗ್ದೇ ಇರ್ಲಿ ಅಂತ. ಅದನ್ನ ಬಿಚ್ಚಬಾರ್ದು.”

“ಮಿಷನ್ ಗಾಳಿ ಎಳ್ಕೊಳೋದು ಅಲ್ಲಿಂದಾನೇ ಅಲ್ವಾ?”

“ನೀನು ಗುಡಿಸು ಸುಮ್ನೆ. ಮಿಷನ್ ವಿಷಯ ನಂಗೆ ಗೊತ್ತು.”

ಗೊತ್ತಂತೆ! ನನಗಂತೂ ಇಲ್ಲಿ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಕೇತಮ್ಮ ಮುಖ ಸಣ್ಣದು ಮಾಡಿಕೊಂಡು ಬರಲು ಎತ್ತಿಕೊಂಡು ಹೋದಳು.

ನಾಲ್ಕನೆಯ ದಿನ ಮಧ್ಯಾಹ್ನ ಗುಡ್ಡದ ಕಡೆಯಿಂದ ಹೊಗೆ ಎದ್ದಿತು. ಹೆಂಗಸರ ಪಾಲು ಮುಗಿದಿತ್ತು. ಮಿಷನ್ನಿನ ಪಾಲು ಬಹುತೇಕ ಹಾಗೇ ಇತ್ತು. ಬೆಂಕಿಯ ಚಟಚಟ ಕೇಳಿಸುತ್ತಿದೆ, ಜಡೇಸ್ವಾಮಿ ಚೀಲದೊಳಗೆ ಕೈಹಾಕಿ ಮೂತಿ ಹುಡುಕುತ್ತಿದ್ದಾನೆ! ಕೇತಮ್ಮ ಓಡಿಬಂದು ಆ ಬಟ್ಟೆಗೆ ಕೈ ಹಾಕಿ ಕಿತ್ತಳು.

“ಅಯ್ಯೋ, ಬೇಡ ಕಣಕ್ಕಾ!”

ಬಟ್ಟೆಯ ಜೊತೆ ಒಣಗಿದ ಚೆಂಡುಹೂವು, ಎಲೆಪುಡಿ ಎಲ್ಲ ಹಿಡಿ ಹಿಡಿಯಾಗಿ ಉದುರಿತು. “ಈಗ ಎಳಿ ಹಗ್ಗ!” ಎಂದು ಕೂಗಿದಳು. ಮಿಷನ್ ಹಿಂದಿನ ವರ್ಷದ ಹಾಗೆ ಅಬ್ಬರಿಸಿತು. ಯಾವ ಹೊಸ ಮೂತಿಯೂ ಇಲ್ಲದೆ, ಬರೀ ಕೊಳವೆಯಿಂದಲೇ ಎಲೆಗಳು ರಾಶಿ ರಾಶಿಯಾಗಿ ಹಾರಿದವು. ಜಡೇಸ್ವಾಮಿ ಏದುಸಿರು ಬಿಡುತ್ತಾ ಊದುತ್ತಾ ಓಡಿದ. ಬೆಂಕಿ ಬಂತು, ಬರಿ ನೆಲ ಕಂಡು ನಿಂತಿತು. ಕೇತಮ್ಮನ ಮನೆಯ ಎದುರಿನ ಕೊನೆಯ ಇಪ್ಪತ್ತು ಹೆಜ್ಜೆ ಮಾತ್ರ ಉಳಿದಿತ್ತು. ಅಲ್ಲೇ ದಾಟಿತು. ಹತ್ತೊಂಬತ್ತು ಮನೆ ಉಳಿದವು. ಕೇತಮ್ಮನ ಮನೆ ಸುಟ್ಟುಹೋಯಿತು.

ಸಂಜೆ ಅವನು ಆ ಬೂದಿಯ ಮುಂದೆ ಮೂತಿಗಳ ಚೀಲ ಹಿಡಿದು ನಿಂತಿದ್ದ. ಕೇತಮ್ಮ ಕಣ್ಣೊರೆಸಿಕೊಂಡು ಕೇಳಿದಳು, “ಮಿಷನ್ ಚೆನ್ನಾಗಿರ್ಲಿ ಅಂತ ತಾನೆ ಅಣ್ಣಾ ಬಟ್ಟೆ ಕಟ್ಟಿದ್ದು? ಹಿಡಿಗೆ ಕಟ್ಟಿದ್ರೆ ಆಗ್ತಿರ್ಲಿಲ್ವಾ? ಅದರ ಮೂಗಿಗೇ ಯಾಕೆ ಕಟ್ಟಿದೆ?”

ಜಡೇಸ್ವಾಮಿ ಚೀಲ ಕೆಳಗಿಟ್ಟ. ಮರುದಿನ ಬೆಳಗ್ಗೆ ಅವಳ ಮನೆಗೆ ಮೊದಲ ಬಿದಿರು ಹೊತ್ತು ತಂದವನು ಅವನೇ.

ನೀತಿ: ಮೂತಿ ಗಾಳಿಗೆ ದಾರಿ ತೋರಿಸುತ್ತದೆ, ಗಾಳಿ ಕೊಡುವುದಿಲ್ಲ. ಕೆಲಸ ಸಾಗದಿದ್ದಾಗ ಹೊಸದನ್ನು ತಂದು ಸಿಕ್ಕಿಸುವ ಮೊದಲು, ಇರುವುದರ ಉಸಿರು ಎಲ್ಲಿ ಕಟ್ಟಿದೆ ನೋಡಿ. ಬರಲು ಹಿಡಿದವಳು ಏನಾದರೂ ಕೇಳಿದರೆ, ದಯವಿಟ್ಟು, ಒಂದು ನಿಮಿಷ ಕಿವಿಗೊಡಿ ಮಹಾರಾಯರೇ.