ಏಡಿಯ ನಡಿಗೆ

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮಠದ ಫೋರ್ಕ್‌ಲಿಫ್ಟ್ ಏರಿ ಕೂತ ಶಿಷ್ಯ ನಿಜಗುಣ, ದಂಡೆಗೆ ಕೂಡಿಸಬೇಕಾದ ಕೊನೆಯ ಮೆಟ್ಟಿಲುಗಲ್ಲನ್ನು ಎತ್ತಿಕೊಂಡ.

ಎದೆಮಟ್ಟದ ಗಾಲಿಗಳ ಆ ಯಂತ್ರ ಕೆಸರು, ತಗ್ಗು, ದಿನ್ನೆ ಯಾವುದಕ್ಕೂ ಹೆದರುತ್ತಿರಲಿಲ್ಲ. ಮಂಜಿನೊಳಗೆ ಅದು ನೆಲ ಮುಟ್ಟದೆ ತೇಲಿಹೋಗುತ್ತಿದೆ ಎಂದೇ ಅವನಿಗೆ ಅನಿಸಿತು.

ಈ ಕಲ್ಲು ಕೂಡಿಸಿದರೆ ಮುಗಿಯಿತು. ಆಮೇಲೆ ದೋಣಿ ಹತ್ತಿ ಆಚೆ ದಂಡೆಯ ಇನ್ನೊಂದು ಮಠಕ್ಕೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದ.

ಸಂಜೆಯ ಪ್ರವಚನವನ್ನು ಗುರುಗಳು ಬಸವಂತನಿಗೆ ವಹಿಸಿದ್ದರು. ಬಸವಂತ ನಿನ್ನೆ ಮೊನ್ನೆ ಬಂದವನು. ನಿಜಗುಣ ಇಲ್ಲೇ ಬೆಳೆದವನು. ಹೊಟ್ಟೆ ಉರಿಯದೆ ಇರುತ್ತದೆಯೇ? ಅಂದಿನಿಂದ ಬಸವಂತನೊಡನೆ ಮಾತನ್ನೂ ಬಿಟ್ಟಿದ್ದ.

ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಗುರುಗಳು ಹುಣಸೆಮರದ ಕೆಳಗೆ ಕೂತಿದ್ದರು. ಯಂತ್ರ ನಿಲ್ಲಿಸಿ ಅವನು ಹೇಳಿಯೇಬಿಟ್ಟ.

"ಅಜ್ಜಾರ, ಇವತ್ತ ಹೋಗ್ತೀನ್ರಿ. ಇಲ್ಲಿ ನನ್ನ ದಾರಿ ಮುಗೀತು."

ಅಜ್ಜಾರು ಬೇಡವೆನ್ನಲಿಲ್ಲ. ಮೊದಲು ಕಲ್ಲು ಕೂಡಿಸು ಎಂದರು, ಅಷ್ಟೇ.

ಮರದ ಬಳಿ ಜಾಗ ಕಿರಿದು. ನಿಜಗುಣ ಗಾಲಿಗಳ ನಡಿಗೆ ಬದಲಿಸುವ ಹಿಡಿಕೆ ಎಳೆದು ಚುಕ್ಕಾಣಿ ತಿರುಗಿಸಿದ. ಮುಂದಿನ ಗಾಲಿಗಳು ಎಡಕ್ಕೆ, ಹಿಂದಿನವು ಬಲಕ್ಕೆ ಹೊರಳಿದವು. ಅಷ್ಟು ದೊಡ್ಡ ಯಂತ್ರ ಹೆಚ್ಚುಕಡಿಮೆ ನಿಂತಲ್ಲೇ ತಿರುಗಿತು.

ಮುಂದೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಹೊಳೆ. ಅಲ್ಲಿ ತಿರುಗುವ ಮಾತೇ ಇಲ್ಲ. ನಾಲ್ಕೂ ಗಾಲಿಗಳನ್ನು ಒಂದೇ ಕಡೆ ಹೊರಳಿಸಿ, ಏಡಿಯ ಹಾಗೆ ಓರೆಯಾಗಿ ಸರಿಯಬೇಕು.

ಅವನ ಮನಸ್ಸು ಆಗಲೇ ದೋಣಿ ಹತ್ತಿತ್ತು. ಹೊರಳಿದ್ದ ಗಾಲಿಗಳನ್ನು ನೇರ ಮಾಡಿಕೊಳ್ಳದೆ ಏಡಿ ನಡಿಗೆಗೆ ಹಿಡಿಕೆ ಬದಲಿಸಿದ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮುಂದಿನ ಗಾಲಿ ಹೇಳಿದ್ದನ್ನು ಹಿಂದಿನದು ಕೇಳಲಿಲ್ಲ. ಯಂತ್ರದ ಹಿಂಭಾಗ ಹೊಳೆಯತ್ತ ಜಾರಿತು, ಕಲ್ಲು ತೂಗಾಡಿತು. ನಿಜಗುಣ ಬ್ರೇಕ್ ಒತ್ತಿ ಹಿಡಿದ. ಸತ್ತೇ ಹೋದೆ ಅಂದುಕೊಂಡ.

ಅಜ್ಜಾರು ಮಂಜಿನೊಳಗಿಂದ ನಿಧಾನವಾಗಿ ನಡೆದುಬಂದರು.

"ಯಾವ ಗಾಲಿ ಕೆಟ್ಟೈತಿ?"

"ಯಾವ್ದೂ ಕೆಟ್ಟಿಲ್ರಿ. ಹಳೇ ತಿರುವು ಹಂಗ ಇಟ್ಕೊಂಡು ನಡಿಗಿ ಬದಲಿಸಿದೆ."

"ನಡಿಗಿ ಬದಲಿಸಬಾರದಿತ್ತೇನು?"

"ಬದಲಿಸಬೇಕಿತ್ರಿ. ಗಾಲಿ ನೆಟ್ಟಗ ಮಾಡ್ಕೊಂಡು ಬದಲಿಸಬೇಕಿತ್ತು."

ಅಜ್ಜಾರು ತಲೆಯಾಡಿಸಿ ಪಕ್ಕಕ್ಕೆ ಸರಿದರು. ನಿಜಗುಣ ಮೊದಲಿನ ನಡಿಗೆಗೆ ಮರಳಿ, ಒಂದೊಂದೇ ಗೇಣು ಮುಂದೆ ಹೋಗಿ, ನಾಲ್ಕೂ ಗಾಲಿಗಳನ್ನು ನೇರ ಮಾಡಿದ. ಆಮೇಲೆ ಹಿಡಿಕೆ ಬದಲಿಸಿದ. ಯಂತ್ರ ಗೋಡೆಗೂ ತಾಗದೆ, ಹೊಳೆಗೂ ಜಾರದೆ, ನಿದ್ದೆಯಲ್ಲಿ ನಡೆದಂತೆ ಓರೆಯಾಗಿ ಸರಿದುಹೋಯಿತು. ಕಲ್ಲು ತನ್ನ ಜಾಗದಲ್ಲಿ ಕೂತಿತು.

ಅಷ್ಟರಲ್ಲಿ ದೋಣಿ ದಂಡೆಗೆ ಬಂದಿತ್ತು. ಗಂಟು ಹೆಗಲಿಗೇರಿಸಿಕೊಂಡು ಬಂದ ನಿಜಗುಣ ಗುರುಗಳ ಪಾದ ಮುಟ್ಟಿ ಅಪ್ಪಣೆ ಕೇಳಿದ.

ಅಜ್ಜಾರು ಅವನ ತಲೆಯ ಮೇಲೆ ಕೈಯಿಟ್ಟರು.

"ಹೋಗಪ್ಪಾ. ದೋಣಿ ಕಾಯ್ತೈತಿ, ಅವಸರಿಲ್ಲ. ಬಸವಂತನ ಕೂಡ ನೀ ಮಾತಾಡಿ ಎಷ್ಟ ದಿನ ಆತು?"